ಕೂತಾಗ, ನಡೆಯುವಾಗ, ಮಲಗುವಾಗ, ಏಳುವಾಗ: ಆರು ವರ್ಷದೊಳಗಿನ ಮಗು ಕಲಿಯುವ ರೀತಿ

 

ಇವತ್ತಿನ ಪಾಠ ಯೌವನಸ್ಥ ದಂಪತಿಗಳಿಗೆ. ಇನ್ನೂ ಮದುವೆ ಆಗದ ತಮ್ಮಂದಿರು, ತಂಗಿಯರು ಎದ್ದು ಹೋಗಬೇಡಿ. ನಿಮ್ಮ ಮನೆಯಲ್ಲಿ ಅಕ್ಕನ ಮಗು, ಅಣ್ಣನ ಮಗು ಇದ್ದೇ ಇರುತ್ತದೆ. ನೀವು ಕಾಕಾ, ನೀವು ಚಿಕ್ಕಮ್ಮ. ಆ ಮಗು ನಿಮ್ಮಿಂದಲೂ ಕಲಿಯುತ್ತಿದೆ.

ವಾಕ್ಯ ಭಾಗ: ಧರ್ಮೋಪದೇಶಕಾಂಡ 6:4-9, ಯೆಹೋಶುವ 4:1-7, ಮತ್ತಾಯ 11:16-17, 2 ತಿಮೊಥೆಯ 1:5. ಮನೆಗೆ ಹೋಗಿ ನಿಧಾನವಾಗಿ ಓದಿರಿ.

ನಮ್ಮಲ್ಲಿ ಬಹಳ ಮಂದಿ ತೆಂಗಳಿ, ಕಾಳಗಿ, ಚಿತ್ತಾಪುರ, ಸೇಡಂ ಕಡೆ ಹುಟ್ಟಿ ಬೆಳೆದವರು. ಈಗ ಕೆಲಸ ಇರುವುದು ಕಲಬುರಗಿಯಲ್ಲಿ, ಹೈದರಾಬಾದಿನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಬಾಡಿಗೆ ಕಟ್ಟಬೇಕು. ನಡುವೆ ಮೂರು ವರ್ಷದ ಒಂದು ಮಗು. ಆ ಮಗುವಿನ ವಿಷಯದಲ್ಲಿ ನಮ್ಮ ಮನಸ್ಸಿನಲ್ಲಿ ಒಂದೇ ಚಿಂತೆ: ಯಾವ ಸ್ಕೂಲಿಗೆ ಹಾಕೋದು? ಫೀಸ್ ಎಷ್ಟು? ಅಡ್ಮಿಷನ್ ಸಿಗ್ತದೋ ಇಲ್ಲೋ?

ಚಿಂತೆ ತಪ್ಪಲ್ಲ. ಆದರೆ ಆರು ವರ್ಷದೊಳಗಿನ ಮಗುವಿಗೆ ದೇವರು ಇಟ್ಟಿರುವ ಮೊದಲ ಶಾಲೆ ಬೇರೆ ಇದೆ. ಧರ್ಮೋಪದೇಶಕಾಂಡ 6:7 ನೋಡಿರಿ. ದೇವರ ಮಾತುಗಳನ್ನು ಮಕ್ಕಳಿಗೆ ಕಲಿಸುವುದಕ್ಕೆ ಮೋಶೆ ಕಟ್ಟಡ ಕಟ್ಟಿರಿ ಅನ್ನಲಿಲ್ಲ. ನಾಲ್ಕು ಹೊತ್ತು ಹೇಳಿದ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಇದು ಬಡವನಿಗೂ ಇದೆ, ಶ್ರೀಮಂತನಿಗೂ ಇದೆ. ಡೊನೇಷನ್ ಇಲ್ಲ.

ಇವತ್ತು ನಾನು ಹೇಳಬೇಕಾದ ಮಾತು ಒಂದೇ. ಸಣ್ಣ ಮಗು ಕಲಿಯುವುದು ತನಗೆ ಉತ್ತರ ಕೊಡುವ ಮನುಷ್ಯನಿಂದ. ಇದನ್ನು ಹಿಡಿದುಕೊಂಡು ಆ ನಾಲ್ಕು ಹೊತ್ತನ್ನೂ ನೋಡೋಣ.

1. ಮನೆಯಲ್ಲಿ ಕೂತಿರುವಾಗ

ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ಮಾತು ಹೇಳುತ್ತದೆ. ಮಗುವಿನ ಮೆದುಳಿನ ಬೆಳವಣಿಗೆಯಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಆಗುವುದು 6 ವರ್ಷದ ಒಳಗೆ. ಅಂದರೆ ನಾವು "ಇನ್ನೂ ಸಣ್ಣದದ, ಅದಕ್ಕೇನು ತಿಳೀತದ" ಅನ್ನುವ ಕಾಲದಲ್ಲೇ ದೊಡ್ಡ ಕೆಲಸ ನಡೆದಿರುತ್ತದೆ.

ಆ ಕೆಲಸ ನಡೆಯುವುದು ಹೇಗೆ? ಚೆಂಡಾಟದ ಹಾಗೆ. ಮಗು ಒಂದು ಶಬ್ದ ಮಾಡುತ್ತದೆ, ಬೆರಳು ತೋರಿಸುತ್ತದೆ, ನಿಮ್ಮ ಮುಖ ನೋಡುತ್ತದೆ. ಅದು ಚೆಂಡು ಎಸೆದ ಹಾಗೆ. ನೀವು ತಿರುಗಿ ನೋಡಿ, "ಹೌದು, ಅದು ಬೆಕ್ಕು, ಹಾಲು ಕುಡಿಯಾಕತ್ತದ" ಅಂದರೆ ಚೆಂಡು ವಾಪಸ್ ಹೋಯಿತು. ಮಗು ಮತ್ತೆ ಎಸೆಯುತ್ತದೆ. ದಿನಕ್ಕೆ ನೂರಾರು ಸಲ ಹೀಗೆ ಆಗುವಾಗ ಮೆದುಳಿನಲ್ಲಿ ನರಗಳ ಜೋಡಣೆ ಗಟ್ಟಿಯಾಗುತ್ತಾ ಹೋಗುತ್ತದೆ. ಮಾತು ಬರುವುದು ಹೀಗೆ. ನಂಬಿಕೆ ಬರುವುದೂ ಹೀಗೆ. ನಾನು ಕರೆದರೆ ಯಾರೋ ಓಗೊಡುತ್ತಾರೆ ಅನ್ನುವುದು ಮಗು ಕಲಿಯುವ ಮೊದಲ ಪಾಠ. ಮುಂದೆ ಪ್ರಾರ್ಥನೆ ಮಾಡುವಾಗ ದೇವರು ಕೇಳುತ್ತಾನೆ ಅಂತ ನಂಬಲಿಕ್ಕೆ ಇದು ಅಡಿಪಾಯ.

ಈಗ ಫೋನಿನ ಮಾತು. ಮಗು ಅಳುತ್ತದೆ. "ಫೋನ್ ಕೊಡ್ರಿ, ಸುಮ್ನಾಗ್ತದ." ನಿಜ, ಸುಮ್ಮನಾಗುತ್ತದೆ. ಊಟ ಹೋಗುತ್ತಿಲ್ಲ, ಫೋನ್ ಹಿಡಿದರೆ ಬಾಯಿ ತೆರೆಯುತ್ತದೆ. ಅದೂ ನಿಜ. ಆದರೆ ಮಗು ಎಸೆದ ಚೆಂಡನ್ನು ಫೋನ್ ವಾಪಸ್ ಎಸೆಯುವುದಿಲ್ಲ. ಮಗು ನಕ್ಕರೂ ಅದು ಹಾಡುತ್ತದೆ, ಅತ್ತರೂ ಅದು ಹಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದ ಮಗುವಿಗೂ ಅದಕ್ಕಿಂತ ಸಣ್ಣ ಕೂಸಿಗೂ ಸ್ಕ್ರೀನ್ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಬ್ರದರ್, ಕ್ರಿಸ್ತೀಯ ಹಾಡು ಹಾಕಿ ಕೊಡ್ತೀವಿ ಅಂತೀರಿ. ಹಾಡು ಒಳ್ಳೆಯದು. ಅದೇ ಹಾಡನ್ನು ನೀವೇ ಹಾಡಿರಿ, ಸುರ ತಪ್ಪಿದರೂ ಪರವಾಗಿಲ್ಲ. ಮಗುವಿಗೆ ನಿಮ್ಮ ಮುಖ ಬೇಕು.

ಕೆಲಸದಿಂದ ಬಂದ ತಾಯಿಗೆ ಕೂತು ಆಡಿಸುವಷ್ಟು ಪುರುಸೊತ್ತು ಇಲ್ಲ, ನನಗೆ ಗೊತ್ತು. ಬೇರೆ ಸಮಯ ಮಾಡಿಕೊಳ್ಳಿ ಅಂತ ಹೇಳುತ್ತಿಲ್ಲ. ಮಾಡುವ ಕೆಲಸದಲ್ಲೇ ಮಗುವನ್ನು ಸೇರಿಸಿಕೊಳ್ಳಿ. ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಮಗುವಿನ ಕೈಗೆ ಕೊಡಿ. ಅದು ಒತ್ತುತ್ತದೆ, ಹಿಸುಕುತ್ತದೆ, ಹಾವು ಮಾಡುತ್ತದೆ, ಚೆಂಡು ಮಾಡುತ್ತದೆ. ಹಸಿ ತೊಗರಿಕಾಯಿ ಬಂದಾಗ ಪಕ್ಕದಲ್ಲಿ ಕೂಡಿಸಿಕೊಂಡು ಸುಲಿಯಿರಿ. ಇದರೊಳಗೆ ಎಷ್ಟು ಕಾಳದಾವ? ನಾಲ್ಕೋ ಐದೋ? ಅಲ್ಲೇ ಲೆಕ್ಕ ಬಂತು. ದೊಡ್ಡದು ಸಣ್ಣದು ಬೇರೆ ಮಾಡು ಅಂದರೆ ವಿಂಗಡಣೆ ಬಂತು. ಒಂದು ಎಚ್ಚರಿಕೆ: ಮೂರು ವರ್ಷದೊಳಗಿನ ಮಗು ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತದೆ. ಆ ವಯಸ್ಸಿನವರಿಗೆ ಕಾಳು ಬೇಡ, ಬಟ್ಟಲು ಚಮಚ ಸಾಕು.

ಇದನ್ನು ಹಗುರ ಮಾಡಬೇಡಿ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮಗು ಹುಟ್ಟುವಾಗ ಅವು ಇನ್ನೂ ಎಲುಬಾಗಿ ಗಟ್ಟಿಯಾಗಿರುವುದಿಲ್ಲ. ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿಗೆ ಪೆನ್ಸಿಲ್ ಹಿಡಿಸಿ ಒಂದು ಪುಟ ಎಬಿಸಿಡಿ ಬರೆ ಅಂದರೆ ಅದರ ಕೈ ಇನ್ನೂ ಸಿದ್ಧವಾಗಿಲ್ಲ. ಹಿಟ್ಟು ಹಿಸುಕಿದ ಕೈ, ಮಣ್ಣು ಕಲಸಿದ ಕೈ ತಾನಾಗಿ ಬರೆಯುವ ಕೈ ಆಗುತ್ತದೆ.

2. ದಾರಿಯಲ್ಲಿ ನಡೆಯುವಾಗ

ಯೆಹೋಶುವ 4ನೇ ಅಧ್ಯಾಯ. ಇಸ್ರಾಯೇಲ್ಯರು ಯೊರ್ದನ್ ದಾಟಿದರು. ದೇವರು ಹೊಳೆಯ ನಡುವಿನಿಂದ 12 ಕಲ್ಲು ತರಿಸಿದನು, ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಯಾಕೆ? ಮುಂದೆ ಮಕ್ಕಳು ನೋಡಿ, ಈ ಕಲ್ಲು ಯಾಕಿವೆ ಅಂತ ಕೇಳಲಿ ಅಂತ. ಗಮನಿಸಿರಿ: ದೇವರು ಮೊದಲು ಉತ್ತರ ಕೊಡಿಸಲಿಲ್ಲ. ಪ್ರಶ್ನೆ ಹುಟ್ಟುವ ಹಾಗೆ ಒಂದು ವಸ್ತುವನ್ನು ಮಕ್ಕಳ ಕಣ್ಣ ಮುಂದೆ ಇಟ್ಟನು. ಮಗು ನೋಡಬೇಕು, ಮುಟ್ಟಬೇಕು, ಕೇಳಬೇಕು, ಆಮೇಲೆ ತಂದೆ ಹೇಳಬೇಕು. ಕಲಿಕೆಯ ಕ್ರಮ ಅದು.

ನಮ್ಮ ಕಡೆ ಕಲ್ಲಿಗೆ ಏನು ಕಡಿಮೆ? ಶಹಾಬಾದ್ ಫರ್ಸಿ ನಮ್ಮ ಅರ್ಧ ಊರಿನ ನೆಲದಲ್ಲಿದೆ. ಮಗು ಬರಿಗಾಲಲ್ಲಿ ಅದರ ಮೇಲೆ ನಿಂತು, ಇದು ಯಾಕ ತಣ್ಣಗದ ಅಂತ ಕೇಳುತ್ತದೆ. ವಾಡಿ ಜಂಕ್ಷನ್‌ನಲ್ಲಿ ಗೂಡ್ಸ್ ಗಾಡಿ ಹೋಗುವಾಗ ಡಬ್ಬಿ ಎಣಿಸುತ್ತದೆ, ಇಪ್ಪತ್ತಕ್ಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತದೆ. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ನೋಡಿ, ಹೊಗೆ ಎಲ್ಲಿಗೆ ಹೋಗ್ತದ ಅನ್ನುತ್ತದೆ. ಕಾಗಿಣಾ ಹೊಳೆಯಲ್ಲಿ ಬೇಸಿಗೆಯಲ್ಲಿ ನೀರು ಯಾಕಿಲ್ಲ ಅನ್ನುತ್ತದೆ. ನಾಲ್ಕು ವರ್ಷದ ಮಗು ದಿನವಿಡೀ "ಯಾಕ? ಯಾಕ?" ಅಂತ ತಲೆ ತಿನ್ನುತ್ತದೆ ಅಂತ ನಮಗೆ ಬೇಸರ. "ಸುಮ್ ಕೂಡು" ಅಂದುಬಿಡುತ್ತೇವೆ. ಹತ್ತು ಸಲ ಹಾಗೆ ಅಂದರೆ ಹನ್ನೊಂದನೇ ಸಲ ಮಗು ಕೇಳುವುದಿಲ್ಲ. ಆಮೇಲೆ ಎಂಟನೇ ಕ್ಲಾಸಿನಲ್ಲಿ, "ನಮ್ಮ ಮಗ ಕ್ಲಾಸಲ್ಲಿ ಬಾಯೇ ಬಿಡಲ್ಲ" ಅಂತ ಪ್ರೇಯರ್ ರಿಕ್ವೆಸ್ಟ್ ಕಳಿಸುತ್ತೇವೆ.

ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡೋದು? "ನಿನಗ ಏನ್ ಅನಸ್ತದ?" ಅಂತ ತಿರುಗಿ ಕೇಳಿರಿ. ಅದು ಬಹಳ ಒಳ್ಳೆಯ ಉತ್ತರ.

ಭಾಷೆಯ ವಿಷಯವೂ ದಾರಿಯದೇ. ನಮ್ಮ ಓಣಿಯಲ್ಲಿ ಕನ್ನಡ ಇದೆ, ದಖನಿ ಇದೆ, ತೆಲುಗು ಇದೆ, ಲಂಬಾಣಿ ಇದೆ, ಮರಾಠಿ ಇದೆ. ಸಣ್ಣ ಮಗು ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಎತ್ತಿಕೊಳ್ಳಬಲ್ಲದು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಸೇರಿಸಿದರೆ ಹೆದರಬೇಡಿ, ಅದು ಗೊಂದಲ ಅಲ್ಲ. ಆದರೆ ಮನೆ ಮಾತನ್ನು ಬಿಟ್ಟು, ನಿಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಂತ ಮೂರು ಪದದಲ್ಲಿ ಮಗುವನ್ನು ಬೆಳೆಸಿದರೆ ಮಗುವಿಗೆ ಸಿಗುವುದು ಮೂರೇ ಪದ. ನಿಮ್ಮ ಮಾತಿನಲ್ಲಿ ಸಾವಿರ ಪದ ಇದೆ, ಗಾದೆ ಇದೆ, ತಮಾಷೆ ಇದೆ. ಅದನ್ನು ಕೊಡಿ. ಮನೆ ಮಾತು ಗಟ್ಟಿಯಾದ ಮಗು ಇಂಗ್ಲಿಷನ್ನು ಅದರ ಮೇಲೆ ಕಟ್ಟುತ್ತದೆ.

ಇನ್ನು ಆಟ. ಮತ್ತಾಯ 11:16-17ರಲ್ಲಿ ಯೇಸುಸ್ವಾಮಿ ಸಂತೆಯಲ್ಲಿ ಕೂತ ಮಕ್ಕಳ ಮಾತು ಹೇಳುತ್ತಾನೆ. ಒಂದು ಗುಂಪು ಕೊಳಲೂದಿ ಕುಣಿಯಲು ಕರೆಯುತ್ತದೆ, ಅದು ಮದುವೆಯ ಆಟ. ಇನ್ನೊಮ್ಮೆ ಗೋಳಾಡುತ್ತದೆ, ಅದು ಸಾವಿನ ಆಟ. ಕರ್ತನು ಆ ಮಾತನ್ನು ದೊಡ್ಡವರಿಗೆ ಬುದ್ಧಿ ಹೇಳಲು ಬಳಸಿದ. ಆದರೆ ಆತನು ಮಕ್ಕಳ ಆಟವನ್ನು ಎಷ್ಟು ಹತ್ತಿರದಿಂದ ನೋಡಿದ್ದ ಅನ್ನುವುದೂ ಅಲ್ಲಿ ಕಾಣುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ಇವತ್ತಿಗೂ ಅದನ್ನೇ ಆಡುತ್ತಾರೆ. ಅಡುಗೆ ಆಟ, ಡಾಕ್ಟರ್ ಆಟ, ಬಸ್ ಕಂಡಕ್ಟರ್ ಆಟ. ನಮ್ಮ ಮಕ್ಕಳು ಪಾಸ್ಟರ್ ಆಟವನ್ನೂ ಆಡುತ್ತಾರೆ, ಚಮಚ ಹಿಡಿದು ಮೈಕ್ ಅಂತಾರೆ! ನಗಬೇಡಿ, ಅದು ದೊಡ್ಡ ಕೆಲಸ. ಚಮಚ ಮೈಕ್ ಆಗಬಹುದು ಅಂತ ತಿಳಿದ ಮಗುವಿಗೆ ಮುಂದೆ "ಅ" ಅನ್ನುವ ಗುರುತು ಒಂದು ಶಬ್ದ ಆಗಬಹುದು ಅಂತ ತಿಳಿಯುತ್ತದೆ. ದೊಡ್ಡವರು ಮಾಡುವುದನ್ನು ಮಗು ಆಟದಲ್ಲಿ ಮಾಡಿ ಅರ್ಥ ಮಾಡಿಕೊಳ್ಳುತ್ತದೆ. ಸಾವನ್ನೂ, ಜಗಳವನ್ನೂ ಕೂಡ.

ಓಡಾಟವೂ ಬೇಕು. 3, 4 ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 3 ಗಂಟೆ ಮೈ ಆಡಬೇಕು, ಅದರಲ್ಲಿ 1 ಗಂಟೆ ಚೆನ್ನಾಗಿ ಓಡಿ ಕುಣಿಯಬೇಕು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬಿಸಿಲಿನಲ್ಲಿ ಏಪ್ರಿಲ್, ಮೇ ತಿಂಗಳು ಮಧ್ಯಾಹ್ನ ಆಗದ ಮಾತು. ಬೆಳಿಗ್ಗೆ ಬಿಸಿಲೇರುವ ಮುಂಚೆ, ಸಂಜೆ ಹೊತ್ತು ಇಳಿದ ಮೇಲೆ ಹೊರಗೆ ಬಿಡಿರಿ. ಅಪಾರ್ಟ್‌ಮೆಂಟ್ ಆದರೆ ಟೆರೇಸಿಗೆ ನೀವೂ ಜೊತೆಗೆ ಹೋಗಿರಿ.

3. ಮಲಗುವಾಗ

ಮಲಗುವ ಹೊತ್ತು ಮಗುವಿನ ಮನಸ್ಸು ತೆರೆದಿರುವ ಹೊತ್ತು. ದಿನವೆಲ್ಲ ಹೇಳದ್ದನ್ನು ಆಗ ಹೇಳುತ್ತದೆ. ಕತ್ತಲೆಗೆ ಹೆದರುತ್ತದೆ, ಪಕ್ಕದಲ್ಲಿ ಯಾರಾದರೂ ಬೇಕು. "ಗುಮ್ಮ ಬರ್ತದ, ಮಲಗು" ಅಂತ ಹೆದರಿಸಿ ಮಲಗಿಸುವುದು ನಮ್ಮಲ್ಲಿ ಹಳೇ ಅಭ್ಯಾಸ. ಕೆಲವು ವಿಶ್ವಾಸಿಗಳ ಮನೆಯಲ್ಲಿ ಗುಮ್ಮನ ಜಾಗಕ್ಕೆ ಸೈತಾನ ಬಂದಿದ್ದಾನೆ, ಇಲ್ಲವೆ "ದೇವರು ಶಿಕ್ಷೆ ಕೊಡ್ತಾನ" ಬಂದಿದೆ. ಪ್ರಿಯರೇ, ಆ ವಯಸ್ಸಿನಲ್ಲಿ ಮಗು ಕಲ್ಪನೆಯನ್ನೂ ನಿಜವನ್ನೂ ಸರಿಯಾಗಿ ಬೇರೆ ಮಾಡಲಾರದು. ನೀವು ಹೇಳಿದ ಗುಮ್ಮ ಅದಕ್ಕೆ ಮಂಚದ ಕೆಳಗೇ ಇದ್ದಾನೆ. ದೇವರು ಹೆದರಿಸುವವನು ಅಂತ ಕತ್ತಲೆಯಲ್ಲಿ ಕಲಿತ ಮಗುವಿಗೆ ಹದಿನೆಂಟು ವರ್ಷಕ್ಕೆ ಆತನು ಪ್ರೀತಿಸುವ ತಂದೆ ಅಂತ ಹೇಳಿ ಒಪ್ಪಿಸುವುದು ಬಹಳ ಕಷ್ಟ.

ಮಗು ಲೋಕವನ್ನು ನಮ್ಮ ಹಾಗೆ ನೋಡುವುದಿಲ್ಲ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಒಂದೇ ತರಹದ ಎರಡು ಗ್ಲಾಸಿನಲ್ಲಿ ಸಮ ಸಮ ನೀರು ಹಾಕಿರಿ. ಎರಡೂ ಒಂದೇ ಅಂತ ನಾಲ್ಕು ವರ್ಷದ ಮಗು ಒಪ್ಪುತ್ತದೆ. ಅದರ ಕಣ್ಣ ಮುಂದೆಯೇ ಒಂದು ಗ್ಲಾಸಿನ ನೀರನ್ನು ಉದ್ದನೆಯ ತೆಳ್ಳಗಿನ ಗ್ಲಾಸಿಗೆ ಸುರಿಯಿರಿ. ಈಗ ಯಾವುದರಲ್ಲಿ ಜಾಸ್ತಿ? ಸಾಮಾನ್ಯವಾಗಿ ಉದ್ದ ಗ್ಲಾಸಿನಲ್ಲಿ ಅನ್ನುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಮಾಡಿ ತೋರಿಸಿದವರು. ಮಗು ದಡ್ಡ ಅಂತಲ್ಲ. ಆರೇಳು ವರ್ಷದವರೆಗೆ ಬುದ್ಧಿ ಕೆಲಸ ಮಾಡುವ ರೀತಿಯೇ ಹಾಗೆ. ಹೊಡೆದರೂ ಬದಲಾಗುವುದಿಲ್ಲ, ಬೆಳೆದರೆ ಬದಲಾಗುತ್ತದೆ.

ಇನ್ನೊಂದು. 1983ರಲ್ಲಿ ವಿಮ್ಮರ್, ಪೆರ್ನರ್ ಅನ್ನುವ ಇಬ್ಬರು ಸಂಶೋಧಕರು ಮಕ್ಕಳಿಗೆ ಒಂದು ಕಥೆ ಹೇಳಿ ಪ್ರಶ್ನೆ ಕೇಳಿದರು. ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋದ. ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಇಟ್ಟಳು. ಹುಡುಗ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಹೆಚ್ಚಾಗಿ ಅದು ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತನಗೆ ಗೊತ್ತಿರುವುದು ಆ ಹುಡುಗನಿಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ನಾಲ್ಕೈದು ವರ್ಷಕ್ಕೆ ಹೊಳೆಯಲು ಶುರುವಾಗುತ್ತದೆ.

ಇದರಿಂದ ನಮಗೇನು? "ಅಮ್ಮ ದಣಿದು ಬಂದಾಳ, ಅಷ್ಟೂ ತಿಳೀಬಾರದಾ ನಿನಗ?" ಅಂತ ಮೂರು ವರ್ಷದ ಮಗುವಿಗೆ ಬೈಯುತ್ತೇವಲ್ಲ, ಅದಕ್ಕೆ ನಿಜಕ್ಕೂ ತಿಳಿಯುವುದಿಲ್ಲ. ಅದು ಹಟವೂ ಅಲ್ಲ, ಪಾಪದ ಸ್ವಭಾವ ಅಂತ ಎದ್ದು ಗದರಿಸಬೇಕಾದ್ದೂ ಅಲ್ಲ. 1 ಕೊರಿಂಥ 13:11ರಲ್ಲಿ ಪೌಲನು ತಾನು ಬಾಲಕನಾಗಿದ್ದಾಗ ಬಾಲಕನ ಹಾಗೆಯೇ ಯೋಚಿಸುತ್ತಿದ್ದೆ ಅಂತ ಹೇಳಿಕೊಳ್ಳುತ್ತಾನೆ. ಅಪೊಸ್ತಲನಿಗೇ ಆ ಕಾಲ ಇತ್ತು. ನಿಮ್ಮ ಮಗುವಿಗೂ ಆ ಕಾಲ ಕೊಡಿ.

ಮಲಗುವಾಗ ಒಂದು ಬೈಬಲ್ ಕಥೆ ಹೇಳಿರಿ, ಅದೇ ಕಥೆಯನ್ನು ಹತ್ತು ದಿನ ಕೇಳಿದರೆ ಹತ್ತು ದಿನವೂ ಹೇಳಿರಿ. ಮಗುವಿಗೆ ಪುನರಾವರ್ತನೆ ಬೇಸರ ಅಲ್ಲ, ಅದೇ ಕಲಿಕೆ. ನಡುವೆ ನಿಲ್ಲಿಸಿ, "ಆಮೇಲೆ ಏನಾಯ್ತು?" ಅಂತ ಕೇಳಿರಿ. ಪ್ರಾರ್ಥನೆ ಎರಡು ವಾಕ್ಯ ಸಾಕು. 3, 4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಆಲ್‌ನೈಟ್ ಪ್ರೇಯರಿಗೆ ಬಂದ ದಂಪತಿಗಳಲ್ಲಿ ಒಬ್ಬರು ಮಗುವಿನ ಜೊತೆ ಮನೆಗೆ ಹೋಗಿ ಮಲಗಿಸಿದರೆ ಅದೂ ಸೇವೆಯೇ. ಇನ್ನೊಂದು ಮಾತು: ಆರಾಧನೆಯಲ್ಲಿ ಸ್ಪೀಕರ್ ಬಾಕ್ಸ್ ಪಕ್ಕ ಸಣ್ಣ ಮಕ್ಕಳನ್ನು ಕೂಡಿಸಬೇಡಿ. ದೊಡ್ಡ ಶಬ್ದ ಸಣ್ಣ ಕಿವಿಗೆ ಹಾನಿ ಮಾಡುತ್ತದೆ. ಹಿಂದಿನ ಸಾಲಿನಲ್ಲಿ ಕೂತರೂ ಆಶೀರ್ವಾದ ತಲುಪುತ್ತದೆ, ಆಮೆನ್?

4. ಏಳುವಾಗ

ಬೆಳಿಗ್ಗೆ ಎದ್ದ ಮಗು ಮೊದಲು ನೋಡುವುದು ನಮ್ಮನ್ನು. ನಾವು ಎದ್ದ ಕೂಡಲೇ ಫೋನ್ ಹಿಡಿದರೆ ಮಗು ಅದನ್ನು ನೋಡುತ್ತದೆ. ಮೊಣಕಾಲೂರಿದರೆ ಅದನ್ನೂ ನೋಡುತ್ತದೆ. ಗಂಡ ಹೆಂಡತಿ ಬೆಳಿಗ್ಗೆಯೇ ಕೂಗಾಡಿದರೆ ಅದನ್ನೂ.

ನೋಡಿದ್ದನ್ನು ಮಾಡುತ್ತದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಆಲ್ಬರ್ಟ್ ಬಂಡೂರ ಮತ್ತು ಅವರ ಜೊತೆಗಾರರು 72 ಮಕ್ಕಳೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಮಕ್ಕಳ ಮುಂದೆ ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿದರು, ಬೈದರು. ಆ ಮಕ್ಕಳನ್ನು ಆಮೇಲೆ ಬೊಂಬೆಯ ಜೊತೆ ಬಿಟ್ಟಾಗ ಅದೇ ತರಹ ಗುದ್ದಿದರು, ಅದೇ ಬೈಗುಳ ಹೇಳಿದರು. ಯಾರೂ ಅವರಿಗೆ ಗುದ್ದು ಅಂತ ಕಲಿಸಿರಲಿಲ್ಲ.

ಈಗ ಬೆತ್ತದ ಮಾತಿಗೆ ಬರಬೇಕು. ಜ್ಞಾನೋಕ್ತಿಯ ಬೆತ್ತದ ವಾಕ್ಯ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಎಫೆಸ 6:4, ಕೊಲೊಸ್ಸೆ 3:21 ಅಷ್ಟು ಬಾಯಿಪಾಠ ಇಲ್ಲ. ತಂದೆಗಳು ಮಕ್ಕಳನ್ನು ಕೆಣಕಬಾರದು, ಅವರ ಮನಸ್ಸು ಕುಂದಬಾರದು ಅಂತ ಅಲ್ಲಿದೆ. ಶಿಸ್ತು ಬೇಕು, ಇಲ್ಲ ಅಂತ ಹೇಳಲ್ಲ. ಆದರೆ ಹಾಲು ಚೆಲ್ಲಿದ ನಾಲ್ಕು ವರ್ಷದ ಮಗುವಿನ ಕೆನ್ನೆಗೆ ಹೊಡೆದರೆ ಅದು ಕಲಿಯುವುದು ಹಾಲು ಚೆಲ್ಲಬಾರದು ಅಂತಲ್ಲ. ದೊಡ್ಡವನು ಸಿಟ್ಟಾದರೆ ಸಣ್ಣವನನ್ನು ಹೊಡೆಯಬಹುದು ಅಂತ. ನಾಳೆ ಅದು ತಂಗಿಯನ್ನು ಹೊಡೆಯುತ್ತದೆ. ಬಟ್ಟೆ ಕೊಟ್ಟು, "ಬಾ, ಇಬ್ಬರೂ ಒರಸೋಣ" ಅಂದರೆ ಒರಸುವುದನ್ನು ಕಲಿಯುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಸರ್ಕಾರ ಮೇಷ್ಟ್ರಿಗೆ ಬೇಡ ಅಂದದ್ದು ವಿಶ್ವಾಸಿಯ ಮನೆಯಲ್ಲಿ ಯಾಕೆ ಬೇಕು?

ಶಾಲೆಯ ಪ್ರಶ್ನೆ

ಹಾಗಾದರೆ ಶಾಲೆಗೆ ಹಾಕಬಾರದಾ ಬ್ರದರ್? ಹಾಕಬೇಕು. ಎಂಥ ಶಾಲೆ ಅನ್ನುವುದನ್ನು ನೋಡಿರಿ. ಫೀಸ್ ನೋಡಬೇಡಿ, ಯೂನಿಫಾರ್ಮ್ ನೋಡಬೇಡಿ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಮಕ್ಕಳು ಮಾತಾಡುತ್ತಿದ್ದಾರಾ, ಬಾಯಿ ಮೇಲೆ ಬೆರಳಿಟ್ಟು ಕೂತಿದ್ದಾರಾ? ಮಣ್ಣು, ನೀರು, ಹಾಡು, ಕಥೆ ಇದೆಯಾ, ಬರೀ ಪುಸ್ತಕವಾ? ಮಗು ಕೇಳಿದರೆ ಉತ್ತರ ಕೊಡುವವರು ಇದ್ದಾರಾ?

ಈ ಕಣ್ಣಿನಿಂದ ನೋಡಿದರೆ ನಮ್ಮೂರಿನ ಅಂಗನವಾಡಿಯನ್ನು ಕಡೆಗಣಿಸುವಂತಿಲ್ಲ. ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಎಂಬ ತಾಯಿ ಬಡ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಅವರ ಜೊತೆಗಿದ್ದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರು ಮಕ್ಕಳ ಮನೆಯ ಅಂಗಳಕ್ಕೇ ಹೋಗಿ ಕಲಿಸಿದರು. ಅಲ್ಲಿ ಸಿಗುವ ಎಲೆ, ಕಲ್ಲು, ಬೀಜಗಳೇ ಪಾಠದ ಸಾಮಾನು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅಂಗನವಾಡಿ ದೇಶದ ಹೆಸರಾಯಿತು. ನಮ್ಮ ರಾಜ್ಯದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇವತ್ತು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊಟ, ಲಸಿಕೆ, ತೂಕ ನೋಡುವುದು, 3ರಿಂದ 6 ವರ್ಷದವರಿಗೆ ಆಟ ಪಾಠ ಎಲ್ಲವೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಹೆಗಲ ಮೇಲೆ.

2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನ ಆದಾಗ ಅಂಗನವಾಡಿ ಕಾರ್ಯಕರ್ತೆಯರು ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಕೂತರು. ಮಕ್ಕಳು ಅತ್ತ ಹೋದರೆ ಅಂಗನವಾಡಿ ಖಾಲಿಯಾಗುತ್ತದೆ ಅನ್ನುವುದು ಅವರ ಅಳಲು. ಹೆಸರು ಎಲ್‌ಕೆಜಿ ಇರಲಿ, ಅಂಗನವಾಡಿ ಇರಲಿ, ಮಗುವಿನ ಪ್ರಶ್ನೆ ಒಂದೇ: ಇಲ್ಲಿ ನನ್ನ ಜೊತೆ ಮಾತಾಡೋರು ಯಾರು?

ಮಗುವನ್ನು ಆಡಿಸುವುದರಿಂದ ಏನು ಬಂತು ಅನ್ನುವವರಿಗೆ ಒಂದು ಮಾತು. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಬಡ ಮನೆಗಳ 129 ಮಕ್ಕಳನ್ನು ಒಂದು ಅಧ್ಯಯನಕ್ಕೆ ತೆಗೆದುಕೊಂಡರು. ಎಲ್ಲರೂ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 9ರಿಂದ 24 ತಿಂಗಳ ಮಕ್ಕಳು. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ ಒಂದು ಗಂಟೆ ತಾಯಿಗೆ ಮಗುವಿನ ಜೊತೆ ಆಡುವುದು, ಮಾತಾಡುವುದು ಹೇಳಿಕೊಟ್ಟಳು. ಆಟಿಕೆಗಳು ಮನೆಯಲ್ಲೇ ಮಾಡಿದವು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಮಕ್ಕಳು, ಹಾಗೆ ಆಡಿಸದ ಅಂಥದೇ ಮಕ್ಕಳಿಗಿಂತ ಶೇಕಡಾ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಬದಲಾದದ್ದು ತಾಯಿಯ ಮಾತು, ತಾಯಿಯ ಆಟ.

ಊರಲ್ಲಿ ಆಯಿಯ ಹತ್ತಿರ ಮಗುವನ್ನು ಬಿಟ್ಟು ದುಡಿಯುವವರು ನಮ್ಮಲ್ಲಿದ್ದೀರಿ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಪೌಲನು ಮೊದಲು ಹೇಳಿದ ಹೆಸರು ಅಜ್ಜಿ ಲೋವಿಯದು, ಆಮೇಲೆ ತಾಯಿ ಯೂನಿಕೆಯದು. ಆಯಿ ದೇವರ ಕೊಡುಗೆ. ನೀವು ವಿಡಿಯೋ ಕಾಲ್ ಮಾಡಿದಾಗ ಮಾತ್ರ, "ಊಟ ಆಯ್ತಾ, ಬಾಯ್" ಅಂತ ಮುಗಿಸಬೇಡಿ. ಇವತ್ತು ಏನು ನೋಡಿದಿ ಅಂತ ಕೇಳಿರಿ, ಮಗು ತೋರಿಸುವ ಕಲ್ಲನ್ನು ನೋಡಿರಿ. ತಿರುಗಿ ಮಾತಾಡುವವರು ಇರುವ ವಿಡಿಯೋ ಕಾಲ್ ಬೇರೆ, ತಾನೇ ಓಡುವ ಕಾರ್ಟೂನ್ ಬೇರೆ.

ಮಾತು ಬಾರದ ಮಗು

ಕೊನೆಯದಾಗಿ, ಬಹಳ ಭಾರದಿಂದ ಹೇಳುವ ಮಾತು. ಕೆಲವು ಮಕ್ಕಳು ಚೆಂಡು ಎಸೆಯುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡುವುದಿಲ್ಲ. ಇಲ್ಲವೆ ಬಂದ ಮಾತು ಹೋಗಿಬಿಡುತ್ತದೆ. ಆಗ ಮನೆಯವರು, "ಅವರಪ್ಪಗೂ ತಡವಾಗೇ ಮಾತು ಬಂತು" ಅಂತಾರೆ. ಇನ್ನು ಕೆಲವರು ಶಾಪ ಅಂತಾರೆ, ದುರಾತ್ಮ ಅಂತಾರೆ, ತಾಯಿಯ ಗುಪ್ತ ಪಾಪ ಹುಡುಕುತ್ತಾರೆ. ಯೋಹಾನ 9ರಲ್ಲಿ ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದರು. ಇವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಅಂತ ಯೇಸು ಆ ಬಾಗಿಲನ್ನು ಮುಚ್ಚಿದನು. ನಾವು ಅದನ್ನು ತೆರೆಯಬಾರದು.

ಪ್ರಾರ್ಥನೆ ಮಾಡುತ್ತೇವೆ, ಕೈಯಿಟ್ಟು ಪ್ರಾರ್ಥಿಸುತ್ತೇವೆ. ಅದೇ ವಾರ ಕಿವಿಯ ಪರೀಕ್ಷೆಯನ್ನೂ ಮಾಡಿಸಿರಿ. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳಿಗೆ ಯೇಸು ಏನು ಹೇಳಿದ? ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂದ. ಆ ಕಾಲದಲ್ಲಿ ಪರೀಕ್ಷೆ ಮಾಡುವವರು ಅವರೇ. ಪರೀಕ್ಷೆಗೆ ಹೋಗುವುದು ಅಪನಂಬಿಕೆ ಅಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ದಿನ ಮಗುವನ್ನು ತಪ್ಪದೆ ಕಳಿಸಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದೇ ಕೆಲಸಕ್ಕಾಗಿ ಇರುವ ಸಂಸ್ಥೆ. ಎರಡು ವರ್ಷಕ್ಕೆ ತಿಳಿದರೆ ಒಂದು ದಾರಿ, ಆರು ವರ್ಷಕ್ಕೆ ತಿಳಿದರೆ ದಾರಿ ಇನ್ನೂ ಉದ್ದ. ಕಾಯಬೇಡಿ. ಅಂಥ ಮಗು ನಮ್ಮ ಸಭೆಗೆ ಬಂದಾಗ ತಿರುಗಿ ನೋಡಿ ಪಿಸುಗುಟ್ಟಬೇಡಿ. ತಾಯಿ ಆರಾಧಿಸುವ ಹಾಗೆ ಮಗುವನ್ನು ಅರ್ಧ ಗಂಟೆ ನೀವು ಎತ್ತಿಕೊಳ್ಳಿರಿ.

ಆರು ವರ್ಷ ದಾಟಿದ ಮಕ್ಕಳಿರುವವರು, ನಮ್ಮ ಕಾಲ ಮುಗಿಯಿತಾ ಅನ್ನಬೇಡಿ. ಮೊದಲ ವರ್ಷಗಳು ಮುಖ್ಯ ಅಂದರೆ ಆಮೇಲೆ ಬಾಗಿಲು ಮುಚ್ಚುತ್ತದೆ ಅಂತಲ್ಲ. ಇವತ್ತು ರಾತ್ರಿ ಮಲಗುವ ಹೊತ್ತು ಬಂದೇ ಬರುತ್ತದೆ, ಅಲ್ಲಿಂದ ಶುರು ಮಾಡಿರಿ.

ಈ ವಾರದ ಅಭ್ಯಾಸ: ನಾಲ್ಕು ಹೊತ್ತಿನಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ಹೊತ್ತಿಗೆ ಇಬ್ಬರ ಫೋನೂ ಇನ್ನೊಂದು ಕೋಣೆಯಲ್ಲಿರಲಿ. ಮಗು ಕೇಳಿದ ಒಂದು "ಯಾಕ"ವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಸಾಕ್ಷಿಯ ಸಮಯದಲ್ಲಿ ಆ ಪ್ರಶ್ನೆಗಳನ್ನು ಓದೋಣ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ಕರೆದಾಗ ಓಗೊಡುವ ದೇವರು ನೀನು, ನಿನಗೆ ಸ್ತೋತ್ರ. ನೀನು ನಮ್ಮ ಕೈಗೆ ಕೊಟ್ಟ ಸಣ್ಣವರಿಗೆ ನಾವೂ ಓಗೊಡುವ ಹಾಗೆ ನಮಗೆ ತಾಳ್ಮೆ ಕೊಡು. ದಣಿದು ಬರುವ ತಾಯಂದಿರಿಗೆ ಬಲ ಕೊಡು, ತಂದೆಗಳ ಸಿಟ್ಟನ್ನು ತಣಿಸು, ಊರಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಆಯಿ, ಮುತ್ಯಾರಿಗೆ ಆರೋಗ್ಯ ಕೊಡು. ಅಂಗನವಾಡಿಯ ತಾಯಂದಿರನ್ನು ಆಶೀರ್ವದಿಸು. ಮಾತು ಬಾರದ ಮಕ್ಕಳನ್ನು ಮುಟ್ಟು, ಅವರ ತಂದೆತಾಯಿಗೆ ಸರಿಯಾದ ದಾರಿ ತೋರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.